ಭೂಗೋಳ ಬಾಯಿಪಾಠ ಮಾಡುವ ವಿಷಯವಲ್ಲ



ಮುಂದಿನ ವರ್ಷ ಏಳನೇ ತರಗತಿಯ ನಾವೆಲ್ಲ ಹೈಸ್ಕೂಲಿಗೆ ಹೋಗುತ್ತೇವೆ. ಅಲ್ಲಿ ಎಂಟನೇ ತರಗತಿಯಲ್ಲಿ ಭೂಮಿಯ ಬಗ್ಗೆ, ಒಂಬತ್ತರಲ್ಲಿ ಕರ್ನಾಟಕದ ಬಗ್ಗೆ, ಹತ್ತರಲ್ಲಿ ಭಾರತದ ಬಗ್ಗೆ ಭೂಗೋಳದ ಪಾಠಗಳು ಇರುತ್ತವೆ. ನನ್ನ ಅಕ್ಕ ಈಗ ಹತ್ತನೇ ತರಗತಿ. ಅವಳು ಓದುವಾಗ ಪಕ್ಕದಲ್ಲಿ ಕೂತು ನಾನು ಕಲಿತದ್ದನ್ನು ಈ ಲೇಖನದಲ್ಲಿ ಬರೆದಿದ್ದೇನೆ.

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ತುಮಕೂರು ಬೇರೆ, ಮಧುಗಿರಿ ಬೇರೆ ಎಂದು ಹೇಳುವುದನ್ನು ನೀವು ಕೇಳಿರಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗಿದೆ. ಅಕ್ಕನ ಅಂಕವೂ ಈ ಲೆಕ್ಕಕ್ಕೇ ಸೇರುತ್ತದೆ.

ಒಂಬತ್ತನೇ ತರಗತಿಯಲ್ಲಿ ಅಕ್ಕನಿಗೆ ಭೂಗೋಳದಲ್ಲೇ ಕಡಿಮೆ ಅಂಕ ಬಂದಿತ್ತು. ಅವಳು ಬೆಳಿಗ್ಗೆ ಐದಕ್ಕೆ ಎದ್ದು ಗಟ್ಟಿಯಾಗಿ ಓದುತ್ತಿದ್ದಳು. ಆದರೂ ಪರೀಕ್ಷೆಯಲ್ಲಿ ಒಂದು ಸಾಲು ಮರೆತರೆ ಮುಂದಿನದೆಲ್ಲ ಮರೆತು ಹೋಗುತ್ತಿತ್ತು. ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು ಅವಳಿಗೆ, "ಪುಸ್ತಕ ಮುಚ್ಚಿ ಒಂದ್ಸಲ ಹೊರಗೆ ನೋಡಮ್ಮ, ಪಾಠ ಅಲ್ಲೇ ಇದೆ" ಅಂದರಂತೆ. ಹಾಗೆ ನಾವಿಬ್ಬರೂ ಹೊರಗೆ ನೋಡಲು ಶುರು ಮಾಡಿದೆವು.

1. ಕೋಲಿನ ನೆರಳು

ಜೂನ್ ತಿಂಗಳ ಮಧ್ಯದಲ್ಲಿ ಒಂದು ಭಾನುವಾರ ಅಂಗಳದಲ್ಲಿ ಕೋಲು ನೆಟ್ಟು ಐದು ಐದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲು ಇಟ್ಟೆವು. 12 ಗಂಟೆಗೆ ನೆರಳು ಅತಿ ಚಿಕ್ಕದಾಗುತ್ತದೆ ಎಂದು ನಾನು ತಿಳಿದಿದ್ದೆ. ಆದರೆ ಅದು ಚಿಕ್ಕದಾಗಿದ್ದು 12 ಗಂಟೆ 20 ನಿಮಿಷದ ಹೊತ್ತಿಗೆ!

ಕಾರಣ ಪುಸ್ತಕದಲ್ಲಿತ್ತು. ನಮ್ಮ ದೇಶದ ಗಡಿಯಾರಗಳು 82½ ಡಿಗ್ರಿ ಪೂರ್ವ ರೇಖಾಂಶದ ಸಮಯ ತೋರಿಸುತ್ತವೆ. ಮಧುಗಿರಿ ಇರುವುದು ಸುಮಾರು 77 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದ್ದರಿಂದ ನಮಗೆ ಸೂರ್ಯ ನೆತ್ತಿಗೆ ಬರುವುದು ಸುಮಾರು 21 ನಿಮಿಷ ತಡ. ವರ್ಷದ ಬೇರೆ ತಿಂಗಳುಗಳಲ್ಲಿ ಇದು ಕೆಲವು ನಿಮಿಷ ಹೆಚ್ಚು ಕಡಿಮೆ ಆಗುತ್ತದೆ.

ಇನ್ನೊಂದು ವಿಷಯ. ಆ ದಿನ ನೆರಳು ದಕ್ಷಿಣಕ್ಕೆ ಬಿದ್ದಿತ್ತು. ಜೂನ್‌ನಲ್ಲಿ ಸೂರ್ಯ 23½ ಡಿಗ್ರಿ ಉತ್ತರದ ಕರ್ಕಾಟಕ ಸಂಕ್ರಾಂತಿ ವೃತ್ತದ ಹತ್ತಿರ ಇರುತ್ತಾನೆ. ನಾವು ಸುಮಾರು 13½ ಡಿಗ್ರಿಯಲ್ಲಿ ಇದ್ದೇವೆ. ಅಂದರೆ ಸೂರ್ಯ ನಮಗಿಂತ ಉತ್ತರಕ್ಕೆ! ಅಕ್ಕ ಈಗ ಈ ಎರಡು ರೇಖೆಗಳನ್ನು ಮರೆಯುವುದೇ ಇಲ್ಲ.

2. ಮಳೆಯೂ ಬಿಸಿಲೂ

"ಮಳೆಯ ನೆರಳಿನ ಪ್ರದೇಶ" ಎಂಬುದನ್ನು ಅಕ್ಕ ನೂರು ಸಲ ಓದಿದ್ದಳು. ಆದರೆ ಅದು ನಮ್ಮೂರು ಎಂದು ಅವಳಿಗೆ ಹೊಳೆದಿರಲಿಲ್ಲ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತಗಳನ್ನು ಪಶ್ಚಿಮ ಘಟ್ಟಗಳು ತಡೆಯುತ್ತವೆ. ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟ ದಾಟಿ ಇಳಿದ ಗಾಳಿಯಲ್ಲಿ ನೀರು ಕಡಿಮೆ. ಶಿರಾ, ಪಾವಗಡದ ಕಡೆ ವರ್ಷಕ್ಕೆ ಬರುವುದು 500ರಿಂದ 600 ಮಿ.ಮೀ. ಆಸುಪಾಸು. ಅದರಲ್ಲೂ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದ್ದರಿಂದ ನಮ್ಮ ಕೆಂಪು ಮಣ್ಣಿನಲ್ಲಿ ಕಡಲೆಕಾಯಿ, ರಾಗಿ, ತೊಗರಿ ಬೆಳೆಯುತ್ತಾರೆ.

ಮೋಡ ಕಡಿಮೆ ಇರುವುದರಿಂದ ಬಿಸಿಲು ಹೆಚ್ಚು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಊರುಗಳ ಹತ್ತಿರ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ 2050 ಮೆಗಾವಾಟ್. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡಿದ್ದಾರೆ. ಮಳೆ ಬಾರದ ಕಾರಣವೂ ಕರೆಂಟು ಬಂದ ಕಾರಣವೂ ಒಂದೇ ಪಾಠದಲ್ಲಿದೆ.

3. ಒಂದು ಬೆಟ್ಟ, ಎರಡು ನದಿ

ಜಯಮಂಗಲಿ ನದಿ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟದಲ್ಲಿ ಹುಟ್ಟುವ ಶಿಂಷಾ ನದಿ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಮೇಲೆ ಅಕ್ಕಪಕ್ಕ ಬಿದ್ದ ಎರಡು ಹನಿಗಳಲ್ಲಿ ಒಂದು ಆಂಧ್ರದ ನೆಲ್ಲೂರಿನ ಕಡೆಗೆ, ಇನ್ನೊಂದು ತಮಿಳುನಾಡಿಗೆ ಹೋಗಬಹುದು. ಇದನ್ನೇ ಜಲವಿಭಾಜಕ ಎನ್ನುತ್ತಾರೆ. ಶಿರಾದ ಕೆರೆಗೂ ಕಳ್ಳಂಬೆಳ್ಳದ ಕೆರೆಗೂ ಕಾವೇರಿಯ ಉಪನದಿಯಾದ ಹೇಮಾವತಿಯ ನೀರನ್ನು ನಾಲೆಯಲ್ಲಿ ತರುತ್ತಾರೆ. ನೀರು ತಾನಾಗಿ ಬರದ ಕಡೆಗೆ ಮನುಷ್ಯರು ತಂದಿದ್ದಾರೆ.

4. ನಕ್ಷೆ ಬಿಡಿಸುವುದು

ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಭಾರತದ ನಕ್ಷೆ ಬಿಡಿಸಿ ಸ್ಥಳಗಳನ್ನು ಗುರುತಿಸಬೇಕು. ಅಕ್ಕ ಮೊದಲು ಗುಜರಾತಿನಿಂದ ಗೆರೆ ಎಳೆಯುತ್ತಿದ್ದಳು. ಕೊನೆಗೆ ಕನ್ಯಾಕುಮಾರಿ ಹಾಳೆಯಿಂದ ಹೊರಗೆ ಹೋಗುತ್ತಿತ್ತು! ಈಗ ಮೊದಲು 23½ ಡಿಗ್ರಿಯ ಅಡ್ಡ ಗೆರೆ, 82½ ಡಿಗ್ರಿಯ ಉದ್ದ ಗೆರೆ ಪೆನ್ಸಿಲಿನಲ್ಲಿ ತೆಳ್ಳಗೆ ಎಳೆಯುತ್ತಾಳೆ. ಅವೆರಡು ಸೇರುವುದು ಛತ್ತೀಸ್‌ಗಢದಲ್ಲಿ. ಆಮೇಲೆ ಸುತ್ತಲೂ ಗಡಿ ಬರೆದರೆ ಆಕಾರ ಸರಿ ಬರುತ್ತದೆ. ಗಡಿ ಎಷ್ಟು ಅಂಕುಡೊಂಕು ಎಂದು ತಿಳಿಯಲು ನಮ್ಮ ಪಾವಗಡವನ್ನೇ ನೋಡಿ. ಅದರ ಮೂರು ಕಡೆಯೂ ಆಂಧ್ರ. ಮಧುಗಿರಿಯಿಂದ ಬಸ್ಸಿನಲ್ಲಿ ಪಾವಗಡಕ್ಕೆ ಹೋದರೆ ನಡುವೆ ತೆಲುಗು ಬೋರ್ಡುಗಳು ಬಂದು ಹೋಗುತ್ತವೆ.

5. ಬಂಡೆಯ ಪಾಠ

ಇದು ನಮ್ಮ ಮನೆಯಲ್ಲಿ ನಡೆದದ್ದು. ನಮ್ಮ ಹೊಲದಲ್ಲಿ ಅಪ್ಪ ಎರಡು ಬೋರು ಕೊರೆಸಿದ್ದರು. ಮೊದಲನೆಯದು ನಾಲ್ಕು ವರ್ಷ ನೀರು ಕೊಟ್ಟು ಬತ್ತಿತು. ಎರಡನೆಯದರಲ್ಲಿ ಬರೀ ಬೂದಿಯಂಥ ಪುಡಿ ಬಂತು. ಜುಲೈನಲ್ಲಿ ಮೂರನೆಯದು ಕೊರೆಸೋಣ ಅಂದರು. ತೆಂಗಿನಕಾಯಿ ಹಿಡಿದು ನೀರು ನೋಡುವವರು ಬಂದು ಜಾಗವನ್ನೂ ತೋರಿಸಿದ್ದರು. ಅದಕ್ಕೆ ಇದ್ದದ್ದು ಎರಡು ಹಸು ಮಾರಿದ ದುಡ್ಡು. ಅಮ್ಮ ಅದನ್ನು ಅಕ್ಕನ ಕಾಲೇಜಿಗೆ ಎಂದು ಎತ್ತಿಟ್ಟಿದ್ದರು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅಕ್ಕ ಪುಸ್ತಕ ತಂದು ಅಪ್ಪನ ಮುಂದೆ ಕೂತಳು. ಅಪ್ಪ, "ಪುಸ್ತಕದಾಗೆ ನಮ್ಮ ಹೊಲದ ವಿಷ್ಯ ಬರ್ದವ್ರೇನಮ್ಮ?" ಅಂದರು. ಅಕ್ಕ "ಬರ್ದವ್ರೆ ಅಪ್ಪ" ಅಂದಳು.

ಅವಳು ಹೇಳಿದ್ದು ಹೀಗೆ: ಮಧುಗಿರಿ ಬೆಟ್ಟ ಏಕಶಿಲೆ. ಅಂಥದೇ ಗಟ್ಟಿ ಕಲ್ಲು ನಮ್ಮ ಹೊಲದ ಕೆಳಗೂ ಇದೆ. ಗಟ್ಟಿ ಬಂಡೆ ನೀರು ಹೀರುವುದಿಲ್ಲ. ಮೇಲಿನ ಸವೆದ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆ ನೀರೂ ಮಳೆಯಿಂದ ಇಳಿದದ್ದೇ. ಇಳಿಯುವುದಕ್ಕಿಂತ ಹೆಚ್ಚು ಎತ್ತಿದರೆ ಬತ್ತುತ್ತದೆ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಜೊತೆಗೆ ಪಾವಗಡದ ಕಡೆ ಅನೇಕ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಅದನ್ನು ಕುಡಿದರೆ ಹಲ್ಲು ಕಂದಾಗುತ್ತದೆ, ಮೂಳೆಗಳು ನೋಯುತ್ತವೆ.

ಅಪ್ಪ ಏನೂ ಮಾತಾಡಲಿಲ್ಲ. ಎರಡು ದಿನ ಬಿಟ್ಟು, "ಈ ಮಳೆಗಾಲ ನೋಡಾನ" ಅಂದರು. ಆಗಸ್ಟ್‌ನಲ್ಲಿ ಹೊಲದ ತಗ್ಗಿನ ಮೂಲೆಯಲ್ಲಿ ಒಂದು ಹೊಂಡ ತೆಗೆಸಿದರು. ಹಸುವಿನ ದುಡ್ಡಿನಲ್ಲಿ ಸ್ವಲ್ಪ ಖರ್ಚಾಯಿತು, ಹೆಚ್ಚಿನದು ಉಳಿಯಿತು. ಅಕ್ಟೋಬರ್ ಮಳೆಗೆ ಹೊಂಡ ಮುಕ್ಕಾಲು ತುಂಬಿತು. ಒಣಗುತ್ತಿದ್ದ ಕಡಲೆಕಾಯಿಗೆ ಒಂದು ಸಲ ನೀರು ಹಾಯಿಸಿದೆವು. ಅಷ್ಟು ನೀರು ಇಡೀ ವರ್ಷಕ್ಕೆ ಸಾಲುವುದಿಲ್ಲ. ಬೇಸಿಗೆಯಲ್ಲಿ ಅಪ್ಪ ಮತ್ತೆ ಬೋರಿನ ಮಾತು ಎತ್ತಬಹುದು. ಆದರೆ ಅಕ್ಕನ ಕಾಲೇಜಿನ ದುಡ್ಡು ಇವತ್ತಿಗೂ ಅಮ್ಮನ ಪೆಟ್ಟಿಗೆಯಲ್ಲಿದೆ.

ಅಕ್ಕ ಪಿ.ಯು.ಸಿ.ಯಲ್ಲಿ ಭೂಗೋಳ ತೆಗೆದುಕೊಳ್ಳುತ್ತೇನೆ ಅನ್ನುತ್ತಾಳೆ. ಅದಕ್ಕೆ ಮೊದಲು ಮಾರ್ಚ್ ತಿಂಗಳ ಪರೀಕ್ಷೆ ಇದೆ. ಈಗಲೂ ಅವಳು ಐದಕ್ಕೇ ಏಳುತ್ತಾಳೆ. ಆದರೆ ಗಟ್ಟಿಯಾಗಿ ಓದುವುದಿಲ್ಲ. ನನ್ನನ್ನು ಎಬ್ಬಿಸಿ "ಯಾಕೆ ಹೇಳೇ?" ಎಂದು ಪ್ರಶ್ನೆ ಕೇಳುತ್ತಾಳೆ. ನನಗೆ ನಿದ್ದೆ ಬರುತ್ತಿರುತ್ತದೆ, ಆದರೂ ಹೇಳುತ್ತೇನೆ.

ಗೆಳೆಯರೇ, ನೀವು ಮಾಡಬೇಕಾದ ಕೆಲಸಗಳು:

1. ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ನೆರಳು ಯಾವಾಗ ಚಿಕ್ಕದಾಗುತ್ತದೆ, ಯಾವ ದಿಕ್ಕಿಗೆ ಬೀಳುತ್ತದೆ ನೋಡಿ. ಈಗ ಜೂನ್‌ನ ಹಾಗೆ ಬೀಳುವುದಿಲ್ಲ. ಯಾಕೆ?
2. ನಿಮ್ಮ ಮನೆಯ ಹಿರಿಯರನ್ನು ಕೇಳಿ: ಮೊದಲು ಬಾವಿಯಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತಿತ್ತು? ಈಗ ಬೋರು ಎಷ್ಟು ಅಡಿ?
3. ನಮ್ಮೂರ ಕೆರೆಯ ಕೋಡಿ ನೀರು ಯಾವ ಹಳ್ಳ ಸೇರಿ, ಯಾವ ನದಿಗೆ ಹೋಗುತ್ತದೆ? ನಡೆದು ನೋಡಿ ಬರೆಯಿರಿ.

ಉತ್ತರಗಳನ್ನು ಹಾಳೆಯಲ್ಲಿ ಬರೆದು ಕೊಟ್ಟರೆ ಮುಂದಿನ ಗೋಡೆ ಪತ್ರಿಕೆಯಲ್ಲಿ ಅಂಟಿಸುತ್ತೇವೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿ ಹೇಳಿ.

– ಏಳನೇ ತರಗತಿಯ ವಿದ್ಯಾರ್ಥಿನಿ