ಮಂಗಳೂರಿಗೆ ಹಡಗಿನಲ್ಲಿ ಬಂದ ಟೀಚರುಗಳು



ಈ ತಿಂಗಳ ಗೋಡೆಪತ್ರಿಕೆಗೆ ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ಒಂದು ಪಾಠ ಬರೆಯಲು ಟೀಚರ್ ನನಗೆ ಹೇಳಿದರು. ಸಾವಿತ್ರಿಬಾಯಿ ಫುಲೆಯವರು 1848ರಲ್ಲಿ ಪುಣೆಯಲ್ಲಿ ಶಾಲೆ ತೆರೆದದ್ದು ಎಲ್ಲರಿಗೂ ಗೊತ್ತು. ಹೋದ ಸಲ ಇದೇ ಗೋಡೆಯಲ್ಲಿ ಅದು ಬಂದಿತ್ತು. ಅದಕ್ಕೆ ನಾನು ನಮ್ಮ ರಾಜ್ಯದ ಮಂಗಳೂರಿನ ವಿಷಯ ಆರಿಸಿಕೊಂಡೆ. ಅಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಸ್ಥೆ ಇದೆ. ನಮ್ಮ ಟೀಚರ್ ಒಬ್ಬರು ಟ್ರೈನಿಂಗ್ ಮಾಡಿದ್ದು ಆ ಸಿಸ್ಟರುಗಳ ಹತ್ತಿರವೇ.

ಮೊದಲು ಹೆಸರಿನ ಅರ್ಥ ನೋಡೋಣ. ಕಾರ್ಮೆಲ್ ಅಂದರೆ ಒಂದು ಬೆಟ್ಟ. ಈಗಿನ ಇಸ್ರೇಲ್ ದೇಶದಲ್ಲಿ ಸಮುದ್ರದ ಪಕ್ಕ ಇದೆ. ಸುಮಾರು 800 ವರ್ಷದ ಹಿಂದೆ ಅಲ್ಲಿ ಗುಹೆಗಳಲ್ಲಿ ಜಪ ಮಾಡುತ್ತಿದ್ದವರಿಂದ ಕಾರ್ಮೆಲ್ ಪಂಗಡ ಶುರುವಾಯಿತು. ಆ ಪಂಗಡದ ಸನ್ಯಾಸಿನಿಯರು ಮಠದ ಒಳಗೇ ಇದ್ದು ಪ್ರಾರ್ಥನೆ ಮಾಡುವವರು, ಹೊರಗೆ ಓಡಾಡುವುದಿಲ್ಲ. ಅಪೊಸ್ತಲರು ಅಂದರೆ ಏಸುಕ್ರಿಸ್ತರು ಊರೂರಿಗೆ ಕಳುಹಿಸಿದ ಶಿಷ್ಯರು. ಒಳಗೆ ಕೂತು ಪ್ರಾರ್ಥನೆ ಮಾಡುವುದು, ಹೊರಗೆ ಬಂದು ಪಾಠ ಹೇಳುವುದು, ಎರಡನ್ನೂ ಒಬ್ಬರೇ ಮಾಡಬೇಕು ಅಂತ ಈ ಸಂಸ್ಥೆಯ ಹೆಸರಿನಲ್ಲೇ ಇದೆ.

ಇದನ್ನು ಸ್ಥಾಪಿಸಿದವರು ಸೋಫಿ ಲೀವ್ಸ್ ಎಂಬ ಇಂಗ್ಲಿಷ್ ಮಹಿಳೆ. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ. 1823ನೇ ಇಸವಿ ಅಕ್ಟೋಬರ್ 1ರಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದರು. ಈಗ ಅದಕ್ಕೆ ಇಸ್ತಾಂಬುಲ್ ಅಂತಾರೆ. ತಂದೆ ಪ್ರಾಟೆಸ್ಟಂಟ್ ಪಾದ್ರಿ, ಬೈಬಲನ್ನು ಆಡುಮಾತಿನ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿದ್ದವರು. ಇಂಥ ಪಾದ್ರಿಯ ಮಗಳು 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕ್ಯಾಥೊಲಿಕ್ ಪಂಥಕ್ಕೆ ಸೇರಿದರು. ಆಮೇಲೆ ಸಂತ ಜೋಸೆಫರ ಹೆಸರಿನ ಒಂದು ಸಭೆಯಲ್ಲಿ ಸಿಸ್ಟರ್ ಆಗಿ ವೆರೋನಿಕಾ ಎಂಬ ಹೆಸರು ಪಡೆದರು. 1862ರಲ್ಲಿ ಅವರನ್ನು ಕಲ್ಲಿಕೋಟೆಗೆ ಕಳುಹಿಸಿದರು. ಅಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು.

ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮರೀ ಎಫ್ರೆಮ್ ಎಂಬ ಫ್ರೆಂಚ್ ಪಾದ್ರಿ ಇದ್ದರು. ಅವರು ಕಾರ್ಮೆಲ್ ಪಂಗಡದವರು, ಮುಂದೆ ಬಿಷಪ್ಪರಾದರು. ಅವರಿಗೆ ಒಂದೇ ಚಿಂತೆ, ಈ ಊರುಗಳ ಹೆಣ್ಣುಮಕ್ಕಳಿಗೆ ಪಾಠ ಹೇಳುವವರು ಯಾರು? ಮಂಗಳೂರೇನೂ ಶಾಲೆ ಕಾಣದ ಊರಲ್ಲ. 1834ರಲ್ಲೇ ಬಾಸೆಲ್ ಮಿಶನ್ನಿನವರು ಬಂದಿದ್ದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅಲ್ಲೇ ಹೊರಟಿತು. ಆದರೂ ದೊಡ್ಡ ಹುಡುಗಿಯರನ್ನು ಗಂಡು ಮೇಷ್ಟ್ರ ಮುಂದೆ ಕೂರಿಸಲು ಎಷ್ಟೋ ಮನೆಯವರು ಒಪ್ಪುತ್ತಿರಲಿಲ್ಲ. ಟೀಚರು ಹೆಂಗಸಾಗಬೇಕು. ಹೆಂಗಸರು ಟೀಚರಾಗಬೇಕಾದರೆ ಮೊದಲು ಓದಿರಬೇಕು. ಓದಬೇಕಾದರೆ ಅವರಿಗೂ ಟೀಚರ್ ಬೇಕು! ಈ ಗಂಟು ಬಿಚ್ಚಲು ಹೊರಗಿನಿಂದ ಯಾರಾದರೂ ಬರಲೇಬೇಕಿತ್ತು.

ಸಿಸ್ಟರ್ ವೆರೋನಿಕಾ ಫ್ರಾನ್ಸಿಗೆ ಹಿಂತಿರುಗಿ, 1867ರಲ್ಲಿ ಪೋ ಎಂಬ ಊರಿನ ಕಾರ್ಮೆಲ್ ಮಠ ಸೇರಿದರು. ಮರುವರ್ಷ, 1868ರ ಜುಲೈ 16ರಂದು ಬಯೋನ್ ಎಂಬ ಪಟ್ಟಣದಲ್ಲಿ ಹೊಸ ಸಂಸ್ಥೆ ಆರಂಭಿಸಿದರು. ಭಾರತಕ್ಕೆ ಹೋಗುವ ಸಿಸ್ಟರುಗಳನ್ನು ಅಲ್ಲಿ ತಯಾರು ಮಾಡಬೇಕು ಅಂತ ಯೋಜನೆ. ಈಗಿನ ಟ್ರೈನಿಂಗ್ ಸೆಂಟರ್ ಇದ್ದ ಹಾಗೆ.

1870ರ ನವೆಂಬರ್ 19ರಂದು ಅಲ್ಲಿಂದ ಮೂವರು ಸಿಸ್ಟರುಗಳು ಮಂಗಳೂರಿಗೆ ಬಂದಿಳಿದರು. ಅವರ ಮುಖ್ಯಸ್ಥೆ ಮದರ್ ಮರೀ ದೆ ಆಂಜ್. ಸೂಯೆಜ್ ಕಾಲುವೆ ತೆರೆದು ಆಗಷ್ಟೇ ಒಂದು ವರ್ಷ ಆಗಿತ್ತು. ಕಾಲುವೆ ಆಗುವ ಮೊದಲು ಹಡಗು ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕಿತ್ತು (ಅಟ್ಲಾಸ್ ತೆಗೆದು ಬೆರಳಿಟ್ಟು ನೋಡಿ). ದಾರಿ ಹತ್ತಿರವಾದರೂ ಕಷ್ಟ ತಪ್ಪಲಿಲ್ಲ. ಅದೇ ವರ್ಷ ಪೋ ಮಠದಿಂದ ಮಂಗಳೂರಿಗೆ ಹೊರಟ ಸನ್ಯಾಸಿನಿಯರ ಇನ್ನೊಂದು ತಂಡದಲ್ಲಿ ಮೂವರು ಮಂಗಳೂರು ಮುಟ್ಟುವ ಮೊದಲೇ ತೀರಿಹೋದರು. ಅದನ್ನು ಓದುವಾಗ ನನಗೆ ತುಂಬಾ ಬೇಜಾರಾಯಿತು.

ಬಂದವರಿಗೆ ಇಲ್ಲಿನ ಭಾಷೆ ಹೊಸದು. ಮಂಗಳೂರಿನಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ಮಾತು. ತುಳು, ಕೊಂಕಣಿ, ಕನ್ನಡ, ಬ್ಯಾರಿ. ಆದರೂ ಅದೇ 1870ರಲ್ಲಿ ಸಂತ ಆ್ಯನ್ಸ್ ಶಾಲೆ ಶುರುವಾಯಿತು. ಮೂರು ಜನ ಟೀಚರುಗಳು, ಅಷ್ಟೇ.

ಈ ಪಾಠದಲ್ಲಿ ನೆನಪಿಡಬೇಕಾದ ಇಸವಿ ಯಾವುದು ಅಂದರೆ ನಾನು 1870 ಅನ್ನುವುದಿಲ್ಲ, 1873 ಅನ್ನುತ್ತೇನೆ. ಆ ವರ್ಷ ಬಿಷಪ್ ಮರೀ ಎಫ್ರೆಮ್ ತೀರಿಕೊಂಡರು. ಅದೇ ವರ್ಷ ಬಯೋನ್‌ನ ಮನೆ ಮುಚ್ಚಿತು. ಮದರ್ ವೆರೋನಿಕಾ ಮತ್ತೆ ಕಾರ್ಮೆಲ್ ಮಠದೊಳಗಿನ ಬಾಳಿಗೆ ಹೋದರು. ಸಂಸ್ಥೆ ಮಂಗಳೂರಿಗೆ ಬಂದ ಮೇಲೆ ಅವರು ಒಮ್ಮೆಯೂ ಇಲ್ಲಿಗೆ ಬಂದು ನೋಡಲಿಲ್ಲ. 1906ರ ನವೆಂಬರ್ 16ರಂದು ಪೋ ಊರಿನಲ್ಲೇ ತೀರಿಹೋದರು. ಅಂದರೆ ಮಂಗಳೂರಿನ ಸಿಸ್ಟರುಗಳಿಗೆ ಮೂರೇ ವರ್ಷದಲ್ಲಿ ಹಿಂದೆ ನಿಲ್ಲುವವರು ಇಲ್ಲದಂತಾಯಿತು. ಗಂಟು ಕಟ್ಟಿಕೊಂಡು ವಾಪಸ್ ಹೋಗಿದ್ದರೆ ಯಾರೂ ಬೈಯುತ್ತಿರಲಿಲ್ಲ. ಅವರು ಹೋಗಲಿಲ್ಲ, ಶಾಲೆ ನಡೆಸಿದರು.

ಹಾಗಾದರೆ ಸ್ಥಾಪಕರು ಯಾರು? ಪುಸ್ತಕದಲ್ಲಿ ಮದರ್ ವೆರೋನಿಕಾ ಎಂದಿದೆ, ಅದು ಸರಿ. ಬಿಷಪ್ಪರ ಹೆಸರೂ ಸೇರಬೇಕು. ನನ್ನ ಅಭಿಪ್ರಾಯದಲ್ಲಿ ಮದರ್ ಮರೀ ದೆ ಆಂಜ್ ಮತ್ತು ಜೊತೆಗೆ ಬಂದ ಇಬ್ಬರನ್ನೂ ಸ್ಥಾಪಕರು ಅಂತಲೇ ಬರೆಯಬೇಕು. ಇದರ ಬಗ್ಗೆ ನಮ್ಮ ಕ್ಲಾಸಿನಲ್ಲಿ ಜಗಳವೇ ಆಯಿತು. ಹುಡುಗರು ಯೋಜನೆ ಹಾಕಿದವರೇ ಸ್ಥಾಪಕರು ಅಂದರು.

ಮುಂದೆ ಸಂಸ್ಥೆ ಬೆಳೆಯಿತು. 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಹುಡುಗಿಯರಿಗಾಗಿ ಸಂತ ಆಗ್ನೆಸ್ ಕಾಲೇಜು, 1948ರಲ್ಲಿ ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್ ಕಾಲೇಜು. ಶ್ರೀಲಂಕಾದಲ್ಲೂ ಇವರ ಶಾಲೆಗಳಿವೆ. ಕಾಲೇಜಿಗಿಂತ ನನಗೆ ದೊಡ್ಡದು ಅನ್ನಿಸುವುದು ಟೀಚರ್ ಟ್ರೈನಿಂಗ್. ಒಂದು ಶಾಲೆಯಲ್ಲಿ ಕಲಿತರೆ ಆ ಊರಿನ ಮಕ್ಕಳು ಮಾತ್ರ ಕಲಿತ ಹಾಗೆ. ಟ್ರೈನಿಂಗ್ ಆದ ಒಬ್ಬ ಟೀಚರ್ ಬಸ್ಸಿಳಿದು ನಮ್ಮಂಥ ಹಳ್ಳಿಗೂ ಬರುತ್ತಾರೆ.

ನಮ್ಮೂರಿನಲ್ಲಿ ಏಳನೇ ತರಗತಿವರೆಗೆ ಮಾತ್ರ ಇದೆ. ಹೈಸ್ಕೂಲಿಗೆ ಬಸ್ಸು ಹಿಡಿಯಬೇಕು, ಸಾಯಂಕಾಲ ಬರುವಾಗ ಕತ್ತಲಾಗುತ್ತದೆ. ಹೋದ ವರ್ಷ ಏಳನೇ ಮುಗಿಸಿದ ಅಕ್ಕಂದಿರಲ್ಲಿ ಇಬ್ಬರು ಮನೆಯಲ್ಲೇ ಉಳಿದಿದ್ದಾರೆ. ಈ ವರ್ಷ ನಮ್ಮ ಸರದಿ. ಟ್ರೈನಿಂಗ್ ಮಾಡಿ ಬಂದ ನಮ್ಮ ಟೀಚರ್ ಮೊನ್ನೆ ಮೂರು ಮನೆಗೆ ಹೋಗಿ ಅಪ್ಪ ಅಮ್ಮಂದಿರ ಹತ್ತಿರ ಮಾತಾಡಿದರು. ಒಂದು ಮನೆಯವರು ಹೂಂ ಅಂದಿದ್ದಾರೆ. ಇನ್ನೆರಡು ಮನೆಯವರು ನೋಡೋಣ ಅಂದಿದ್ದಾರೆ.

ಪೋಪ್ ಫ್ರಾನ್ಸಿಸ್ ಅವರು 2014ರಲ್ಲಿ ಮದರ್ ವೆರೋನಿಕಾ ಅವರನ್ನು ಪೂಜ್ಯರು ಎಂದು ಸಾರಿದರು. ಸಂತರಾಗುವ ದಾರಿಯಲ್ಲಿ ಅದೊಂದು ಮೆಟ್ಟಿಲು.

ಎಂದಿನಂತೆ ಪ್ರಶ್ನೆಗಳು. ಕಾರ್ಮೆಲ್ ಬೆಟ್ಟ ಯಾವ ದೇಶದಲ್ಲಿದೆ? ಮಂಗಳೂರಿಗೆ ಮೊದಲು ಬಂದ ಸಿಸ್ಟರುಗಳು ಎಷ್ಟು ಮಂದಿ? ಮೂರನೆಯದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ, ಯೋಚಿಸಿ ಬರೆಯಿರಿ: ನಿಮ್ಮ ಪ್ರಕಾರ ಸ್ಥಾಪಕರು ಯಾರು, ಯಾಕೆ? ಚೀಟಿಗಳನ್ನು ಶನಿವಾರದೊಳಗೆ ಕಿಟಕಿಯ ಹತ್ತಿರದ ಡಬ್ಬಿಗೆ ಹಾಕಿ.