ತೇಲುವ ನಾಗಂದಿಗೆ

ಕಲಾ ವಿಭಾಗದ ವಿದ್ಯಾರ್ಥಿಗೆ ಉಳಿ-ಗರಗಸಗಳ ಗೊಡವೆ ಏತಕ್ಕೆ ಎಂದು ಸಹಪಾಠಿಗಳು ನನ್ನನ್ನು ಕೇಳಿದ್ದುಂಟು. ಬಡಿಗತನವೂ ಅರವತ್ತನಾಲ್ಕು ಕಲೆಗಳಲ್ಲಿ ಒಂದೆಂದು ನಾನು ಉತ್ತರವಿತ್ತೆ. ಉತ್ತರವೇನೋ ಸರಿಯೇ. ಆದರೆ ಆ ಹೊತ್ತಿಗೆ ನನ್ನ ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರಿಂದ, ಮಾತಿಗೆ ಬರಬೇಕಾಗಿದ್ದ ಗೌರವ ಬರಲಿಲ್ಲ.

ಸಂಗತಿ ಇಷ್ಟೇ. ಕಳೆದ ಬೇಸಿಗೆಯ ರಜೆಯಲ್ಲಿ ನಾನು ಹಿಡಕಲ್ಲಿನ ಹತ್ತಿರದ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ಹಲಗೆಯನ್ನು ಕೂಡಿಸಿದೆ. ಉದ್ದ ಮೂರಡಿ, ದಪ್ಪ ಒಂದೂವರೆ ಅಂಗುಲ. ಅದಕ್ಕೆ ಕೆಳಗೆ ಆಸರೆಯಿಲ್ಲ, ಮೇಲೆ ಸರಪಳಿಯಿಲ್ಲ. ನೋಡಿದವರಿಗೆ ಹಲಗೆ ಗಾಳಿಯಲ್ಲಿ ನಿಂತಂತೆ ತೋರಬೇಕು. ಪಟ್ಟಣದ ಮನೆಗಳಲ್ಲಿ ಟೀವಿಯ ಕೆಳಗೆ ಸೆಟ್‌ಟಾಪ್ ಬಾಕ್ಸು, ಸ್ಪೀಕರು ಮೊದಲಾದವನ್ನು ಇಡಲು ಇಂಥ ಹಲಗೆಗಳನ್ನು ಹಾಕುತ್ತಾರೆ. ‘ಫ್ಲೋಟಿಂಗ್ ಶೆಲ್ಫ್’, ಎಂದರೆ ತೇಲುವ ಹಲಗೆ, ಎಂದು ಅದಕ್ಕೆ ಹೆಸರು. ಅದನ್ನು ಮಾಡುವ ಬಗೆಯನ್ನೂ, ನಾನು ಮಾಡಿದ ತಪ್ಪನ್ನೂ ಇಲ್ಲಿ ಬರೆಯುತ್ತೇನೆ. ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಹೆಸರು ಹೊಸದಾದರೂ ವಸ್ತು ಹೊಸದಲ್ಲ. ನಮ್ಮ ಹಳೆಯ ಮನೆಗಳಲ್ಲಿ ಗೋಡೆಗೆ ಹುಗಿದ ಹಲಗೆಗೆ ನಾಗಂದಿಗೆ ಎನ್ನುತ್ತಿದ್ದರು. ಇನ್ನೂ ಹಿಂದೆ ಹೋದರೆ, ವಾತ್ಸ್ಯಾಯನನು ನಾಗರಕನ ಕೋಣೆಯನ್ನು ವರ್ಣಿಸುವಾಗ ಗೋಡೆಯ ನಾಗದಂತಕ್ಕೆ, ಎಂದರೆ ಗೂಟಕ್ಕೆ, ವೀಣೆಯನ್ನು ತೂಗುಹಾಕಿಸಿದ್ದಾನೆ. ಚಿತ್ರದ ಹಲಗೆಯನ್ನೂ ಒಂದು ಪುಸ್ತಕವನ್ನೂ ಆ ಕೋಣೆಯಲ್ಲಿ ಇಡಿಸಿದ್ದಾನೆ. ಹಾಡು, ಚಿತ್ರ, ಓದು ಮೂರೂ ಒಂದೇ ಕೋಣೆಯಲ್ಲಿ! ಇಂದಿನ ಪಡಸಾಲೆಯ ಹಲಗೆಯ ಮೇಲೆ ನಾವು ಇಡುವುದೂ ಅವನ್ನೇ ಅಲ್ಲವೇ?

ನಮ್ಮ ಹಲಗೆಯ ಪೂರ್ವಾಪರವನ್ನು ಹೇಳದಿದ್ದರೆ ಮುಂದಿನ ಮಾತು ತಿಳಿಯಲಿಕ್ಕಿಲ್ಲ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು 1977ರಲ್ಲಿ ಮುಗಿಯಿತು. 51 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯಕ್ಕೆ ರಾಜಾ ಲಖಮಗೌಡರ ಹೆಸರಿದೆ. ನೀರು ನಿಂತಾಗ ಹಿನ್ನೀರಿನ ಊರುಗಳು ಮುಳುಗಿದವು. ಹುನ್ನೂರಿನ ವಿಠ್ಠಲ ದೇವಾಲಯವು ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆದ್ದು ಕಾಣುವುದನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಮನೆಗಳು ಹಾಗೆ ಮೇಲೇಳುವುದಿಲ್ಲ. ಜನರು ಹೊರಡುವ ಮುಂಚೆ ತೊಲೆ, ಕಂಬ, ಬಾಗಿಲುಗಳನ್ನು ಬಿಚ್ಚಿ ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ನಮ್ಮ ಅಜ್ಜನು ತಂದವುಗಳಲ್ಲಿ ಪಡಸಾಲೆಯ ನಾಗಂದಿಗೆಯೂ ಒಂದು. ಸಾಗವಾನಿಯ ಒಂದೇ ಹಲಗೆ, ಹದಿನೈದು ಅಂಗುಲ ಅಗಲ. ಅದರ ಮೇಲೆ ಅವನ ಬ್ಯಾಟರಿಯ ವಾಲ್ವ್ ರೇಡಿಯೋ ಇರುತ್ತಿತ್ತಂತೆ. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಓಣಿಯವರೆಲ್ಲ ಆ ಹಲಗೆಯ ಕೆಳಗೆ ಕುಳಿತು ಕೇಳಿದ್ದರೆಂದು ನಮ್ಮ ಆಯಿ, ಎಂದರೆ ತಂದೆಯ ತಾಯಿ, ಹೇಳುತ್ತಾಳೆ. ಹೊಸ ಊರಿನ ಮನೆಯಲ್ಲಿ ಹಲಗೆಗೆ ಸ್ಥಳ ಸಿಕ್ಕಲಿಲ್ಲ. ಅಟ್ಟದ ಮೇಲೆ ಬಹಳ ವರ್ಷ ಮಲಗಿತು. ರೇಡಿಯೋ ಕೂಡ ಅದರ ಪಕ್ಕದಲ್ಲಿಯೇ ಮಲಗಿ ಮೂಕವಾಯಿತು.

ಹಲಗೆಯನ್ನು ಇಳಿಸಿ ಒರೆಸಿದಾಗ ಒಂದು ವಿಚಿತ್ರ ಕಂಡಿತು. ಅದಕ್ಕೆ ಎರಡು ಬಣ್ಣ. ಮುಂದಿನ ಒಂಬತ್ತು ಅಂಗುಲ ದೀಪದ ಮಸಿಯಿಂದಲೂ ಕೈಯ ಜಿಡ್ಡಿನಿಂದಲೂ ಕಪ್ಪಾಗಿತ್ತು. ಹಿಂದಿನ ಆರು ಅಂಗುಲ ಮಾತ್ರ ಬೆಳ್ಳಗೆ, ಒರಟಾಗಿ, ಗರಗಸದ ಹಲ್ಲಿನ ಗುರುತು ಸಹ ಮಾಸದೆ ಉಳಿದಿತ್ತು. ಗೋಡೆಯೊಳಗೆ ಇದ್ದ ಭಾಗವದು. ನಾನು ಏನು ಮಾಡಿದೆನೆಂದರೆ, ಆ ಬಿಳಿಯ ಭಾಗವನ್ನು ಕೆಲಸಕ್ಕೆ ಬಾರದ್ದೆಂದು ಗೆರೆಹಾಕಿ ಕೊಯ್ದು ತೆಗೆದೆ. ನನ್ನ ಜೀವನದ ಮೊದಲನೆಯ ಉದ್ದನೆಯ ಕೊಯ್ತ! ಅರ್ಧ ತಾಸು ಹಿಡಿಯಿತು. ಒಂದು ಕಡೆ ಗೆರೆಯನ್ನು ಬಿಟ್ಟು ಗರಗಸ ಅಡ್ಡಾಡಿತು. ಆಮೇಲೆ ರಂದಾ ಹೊಡೆದು ಸರಿಮಾಡಿ, 22 ಸೆಂಟಿಮೀಟರ್ ಅಗಲದ ಚೆಂದದ ಹಲಗೆಯನ್ನು ಎತ್ತಿ ಹಿಡಿದು ಆಯಿಗೆ ತೋರಿಸಿದೆ. ಆಕೆ ಹಲಗೆಯನ್ನು ನೋಡಲಿಲ್ಲ, ಕೊಯ್ದು ಬಿದ್ದ ಪಟ್ಟಿಯನ್ನು ಎತ್ತಿ ಮೂಲೆಯಲ್ಲಿ ಇಟ್ಟಳು. ಮುದುಕರ ಸ್ವಭಾವವೆಂದು ನಾನು ತಿಳಿದೆ.

ಈಗ ಸ್ವಲ್ಪ ಲೆಕ್ಕ. ಗೋಡೆಯಿಂದ ಹೊರಚಾಚಿದ ತೊಲೆಯ ವಿಚಾರವನ್ನು ಗೆಲಿಲಿಯೋ 1638ರಲ್ಲಿ ಲೇಯ್ಡನ್ನಿನಲ್ಲಿ ಅಚ್ಚಾದ ತನ್ನ ‘ಎರಡು ನೂತನ ವಿಜ್ಞಾನಗಳು’ ಎಂಬ ಗ್ರಂಥದಲ್ಲಿ ಎತ್ತಿಕೊಂಡನು. ಪಾಳು ಗೋಡೆಯಲ್ಲಿ ನೆಟ್ಟ ತೊಲೆ, ಅದರ ತುದಿಗೆ ಕಟ್ಟಿದ ಭಾರ. ಆ ಚಿತ್ರ ಪ್ರಸಿದ್ಧವಾಗಿದೆ. ತೊಲೆಯ ಒಳಗಿನ ಬಲಗಳು ಹೇಗೆ ಹಂಚಿಕೊಳ್ಳುತ್ತವೆಂಬಲ್ಲಿ ಅವನ ಲೆಕ್ಕ ತಪ್ಪಿತ್ತು. ಆದರೆ ಅದನ್ನು ಸನ್ನೆಗೋಲೆಂದು ನೋಡಬೇಕೆಂಬ ಅವನ ಮೂಲ ಮಾತು ನಿಂತಿತು. ಭಾರವೆಷ್ಟು ಎಂಬುದಷ್ಟೇ ಅಲ್ಲ, ಗೋಡೆಯಿಂದ ಅದು ಎಷ್ಟು ದೂರ ಎಂಬುದೂ ಮುಖ್ಯ.

ನಮ್ಮ ಹಲಗೆಯ ಸ್ವಂತ ತೂಕ ಸುಮಾರು 5 ಕಿಲೋ. ರೇಡಿಯೋ, ಬಾಕ್ಸು, ಸ್ಪೀಕರು ಕೂಡಿ 12 ಕಿಲೋ ಹಿಡಿಯೋಣ. ಈ 17 ಕಿಲೋ ಭಾರವೆಲ್ಲ ಹಲಗೆಯ ನಡುವೆ, ಎಂದರೆ ಗೋಡೆಯಿಂದ 11 ಸೆಂಟಿಮೀಟರ್ ದೂರದಲ್ಲಿ ಇದೆಯೆಂದು ಭಾವಿಸಿದರೆ, ಗೋಡೆಯ ಬಾಯಲ್ಲಿ ತಿರುಗಿಸುವ ಬಲ 187 ಕಿಲೋ-ಸೆಂಟಿಮೀಟರ್. ಹಲಗೆಯನ್ನು ಹಿಡಿಯಲು ಕಬ್ಬಿಣದ ಸರಳುಗಳನ್ನು ಗೋಡೆಯಲ್ಲಿ ನೆಡುತ್ತೇವೆ. ಹಲಗೆಯ ಹಿಂದಂಚಿನಲ್ಲಿ ತೂತು ಕೊರೆದು ಅದನ್ನು ಸರಳುಗಳ ಮೇಲೆ ತೂರಿಸುತ್ತೇವೆ. ಭಾರ ಬಿದ್ದಾಗ ಸರಳು ಗೋಡೆಯ ಬಾಯಲ್ಲಿ ಕೆಳಕ್ಕೆ ಒತ್ತುತ್ತದೆ, ಒಳತುದಿಯಲ್ಲಿ ಮೇಲಕ್ಕೆ ಎತ್ತುತ್ತದೆ. ಈ ಎರಡರ ನಡುವಣ ದೂರ ಸರಳು ಹೂತ ಆಳದ ಮೂರನೆಯ ಎರಡು ಭಾಗವೆಂದು ಸ್ಥೂಲವಾಗಿ ಹಿಡಿಯಬಹುದು. 7 ಸೆಂಟಿಮೀಟರ್ ಹೂತಿದ್ದರೆ ಒಳತುದಿ ಎತ್ತುವ ಬಲ ಸುಮಾರು 40 ಕಿಲೋ. 15 ಸೆಂಟಿಮೀಟರ್ ಹೂತಿದ್ದರೆ ಸುಮಾರು 19 ಕಿಲೋ ಮಾತ್ರ. ಆಳ ಹೆಚ್ಚಾದಂತೆ ಆ ಬಲವನ್ನು ತಾಳುವ ಜಾಗವೂ ಹೆಚ್ಚುತ್ತದೆ. ಆದ್ದರಿಂದ ಆಳವನ್ನು ಇಮ್ಮಡಿ ಮಾಡಿದರೆ ಗೋಡೆಯ ಮೇಲಿನ ಒತ್ತಡ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.

ಈ ಲೆಕ್ಕವನ್ನು ನಾನು ಮೊದಲೇ ಮಾಡಿದ್ದೆನೆಂದು ವಾಚಕರು ತಿಳಿಯಬಾರದು. ಹಲಗೆ ಬಿದ್ದ ಮೇಲೆ ಮಾಡಿದ್ದು.

ಹೌದು, ಬಿದ್ದಿತು. ನಮ್ಮ ಪಡಸಾಲೆಯ ಗೋಡೆ ಒಂದೂವರೆ ಅಡಿ ದಪ್ಪದ್ದು, ಕಲ್ಲು-ಮಣ್ಣಿನದು. ಮೇಲೆ ಸಿಮೆಂಟಿನ ಗಿಲಾವು. ಮೇಲ್ಗಡೆ ನೋಡಿದರೆ ಒಂದೇ ಬಂಡೆಯ ಹಾಗೆ ಕಾಣುತ್ತದೆ. ಬಾಡಿಗೆಯ ಡ್ರಿಲ್ಲಿನಿಂದ ಮೂರು ತೂತು ಕೊರೆದು, 7 ಸೆಂಟಿಮೀಟರ್ ಆಳಕ್ಕೆ ಮೂರು ಸರಳು ನೆಟ್ಟು, ಸಿಮೆಂಟು ತುಂಬಿದೆ. ಒಂದು ತೂತು ಕೊರೆಯುವಾಗ ಕೈ ನಡುಗುವಷ್ಟು ಕಷ್ಟವಾಯಿತು, ಉಳಿದೆರಡು ಬೆಣ್ಣೆಯಂತೆ ಇಳಿದವು. ಸುಲಭವಾಯಿತೆಂದು ಸಂತೋಷಪಟ್ಟೆ. ಅವೆರಡೂ ಕಲ್ಲಿನ ಸಂದಿನ ಮಣ್ಣಿನಲ್ಲಿ ಇಳಿದಿದ್ದವು! ಎರಡು ದಿನ ಬಿಟ್ಟು ಹಲಗೆ ಏರಿಸಿ, ಪರೀಕ್ಷೆಗೆಂದು ನನ್ನ ಬಿ.ಎ. ಪುಸ್ತಕಗಳನ್ನು ಹೇರಿದೆ. ಮೂರನೆಯ ದಿನ ಮುಂದಂಚು ಒಂದು ಬೆರಳಿನಷ್ಟು ತಗ್ಗಿತ್ತು. ನಾಲ್ಕನೆಯ ರಾತ್ರಿ ಸಪ್ಪಳವಾಯಿತು. ಪುಸ್ತಕಗಳಿಗೆ ಏನೂ ಆಗಲಿಲ್ಲ. ಹಲಗೆಯ ಒಂದು ಮೂಲೆ ಮಾತ್ರ, ಆ ಕಪ್ಪು ಭಾಗದ್ದು, ಚಕ್ಕೆಯೆದ್ದು ದೂರ ಹೋಗಿ ಬಿದ್ದಿತ್ತು.

ಆಯಿ ಎದ್ದು ಬಂದಳು. ಬಯ್ಯಲಿಲ್ಲ. ಕಂದೀಲು ಹಿಡಿಯುತ್ತಿದ್ದ ಕಾಲದ ಅಭ್ಯಾಸದಂತೆ ಬಗ್ಗಿ ನೆಲವನ್ನು ಸವರಿ, ಚಕ್ಕೆಯನ್ನು ಹುಡುಕಿ, ದೇವರ ಮಾಡದಲ್ಲಿ ಇಟ್ಟು ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಆ ಊರಿನದೆಂದು ನಮ್ಮಲ್ಲಿ ಉಳಿದದ್ದು ಎಷ್ಟು? ಎರಡು ಕಂಬ, ಒಂದು ಬಾಗಿಲು, ಈ ಹಲಗೆ.

ಮರುದಿನ ನಮ್ಮ ಊರ ಬಡಿಗೇರ ಕಾಕಾನನ್ನು ಕರೆತಂದೆ. ಕೊರೆದ ತೂತುಗಳಲ್ಲಿ ಬೆರಳಾಡಿಸಿ ಅವರೆಂದರು:

“ತಮ್ಮಾ, ಹಲಗೀದು ತಪ್ಪಿಲ್ಲ. ನೀ ಗ್ವಾಡೀನ ಕೇಳಲಿಲ್ಲ ನೋಡು.”

“ಹೆಂಗ ಕೇಳೂದ್ರಿ ಕಾಕಾ?”

ಅವರು ಸುತ್ತಿಗೆಯ ಕಾವಿನಿಂದ ಗೋಡೆಯನ್ನು ಗೇಣುಗೇಣಿಗೆ ತಟ್ಟುತ್ತ ಹೋದರು. “ಇಲ್ಲಿ ಕಲ್ಲು, ಕೇಳಿಸ್ತಿಲ್ಲೊ? ಇಲ್ಲಿ ಮಣ್ಣು, ಸುಮ್ಮನೈತಿ.” ಆಮೇಲೆ ಮೂಲೆಯಲ್ಲಿದ್ದ ಬಿಳಿ ಪಟ್ಟಿಯನ್ನು ಎತ್ತಿಕೊಂಡು, ಗೇಣಿನಿಂದ ಅಳೆದು, ಒಂದು ಕ್ಷಣ ನನ್ನ ಮುಖವನ್ನು ನೋಡಿದರು. “ಎಷ್ಟು ಒಳಗ ಹಾಕಬೇಕಂತ ನಿಮ್ಮ ಹಿರೇರು ಇದರಾಗ ಬರದಿಟ್ಟಿದ್ದರಲ್ಲೊ.”

ಹೊರಗೆ ಒಂಬತ್ತು, ಒಳಗೆ ಆರು. ಗೋಡೆ ಕಟ್ಟುವಾಗಲೇ ಹಲಗೆಯನ್ನು ಇಟ್ಟು, ಮೇಲಿನ ಕಲ್ಲುಗಳ ಭಾರವೆಲ್ಲ ಆ ಆರು ಅಂಗುಲದ ಮೇಲೆ ಕೂಡುವಂತೆ ಮಾಡಿದ್ದರು. ಹಲಗೆಯನ್ನು ಹಿಡಿದದ್ದು ಮೊಳೆಯಲ್ಲ, ಗೋಡೆಯ ತೂಕ. ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಡೆಯುವವರು ಹಗ್ಗಗಳನ್ನು ನೋಡುತ್ತಾರೆಯೇ ಹೊರತು, ದಡದಲ್ಲಿ ಅವುಗಳ ಬುಡವನ್ನು ಬಿಗಿದ ಠಾವನ್ನು ಹೋಗಿ ನೋಡುವುದಿಲ್ಲ. ನಾನೂ ಅವರ ಪೈಕಿಯೇ. ಇದನ್ನು ಬಲ್ಲವರೂ ಎಡವಿದ್ದುಂಟು. ಅಮೇರಿಕದ ಪೆನ್ಸಿಲ್ವೇನಿಯಾದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಎಂಬ ಮಹಾಶಿಲ್ಪಿ 1935ರಲ್ಲಿ ರೂಪಿಸಿದ ‘ಫಾಲಿಂಗ್‌ವಾಟರ್’ ಮನೆಯ ಜಗಲಿಗಳು ಜಲಪಾತದ ಮೇಲೆ ಚಾಚಿಕೊಂಡಿವೆ. ಒಳಗೆ ಕಬ್ಬಿಣ ಸಾಲದೆ ಮುಂದಂಚು ವರ್ಷವರ್ಷಕ್ಕೆ ತಗ್ಗುತ್ತ ಏಳು ಅಂಗುಲದವರೆಗೆ ಇಳಿಯಿತು. 2002ರಲ್ಲಿ ಉಕ್ಕಿನ ಹಗ್ಗಗಳನ್ನು ಬಿಗಿದು ಅದನ್ನು ಅಲ್ಲಿಗೆ ನಿಲ್ಲಿಸಬೇಕಾಯಿತು. ಇದನ್ನು ಓದಿ ನನಗೆ ಎಷ್ಟು ಸಮಾಧಾನವಾಯಿತೆಂಬುದನ್ನು ಹೇಳಲಾರೆ!

ಎರಡನೆಯ ಸಲದ ಕೆಲಸ ಹೀಗೆ ನಡೆಯಿತು. ಆ ಗೋಡೆಯಲ್ಲಿ ಕರೆಂಟಿನ ತಂತಿ ಹಾದುಹೋಗಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡೆವು. ಸ್ವಿಚ್ಚಿನ ನೇರಕ್ಕೆ ಮೇಲೆ-ಕೆಳಗೆ ಎಂದೂ ಕೊರೆಯಬಾರದು. ಗೌಂಡಿಯು ಗುರುತು ಮಾಡಿದ ಮೂರು ಕಡೆ ಸಣ್ಣ ಕಲ್ಲುಗಳನ್ನು ಬಿಡಿಸಿ, ಸಂದಿನ ಮಣ್ಣನ್ನು ಕೆದರಿ, ನೀರು ಹೊಡೆದು, ಆ ಪೊಳ್ಳುಗಳಲ್ಲಿ ಕಾಂಕ್ರೀಟು ತುಂಬಿ 12 ಮಿಲಿಮೀಟರಿನ ಸರಳುಗಳನ್ನು ನೆಟ್ಟನು. 15 ಸೆಂಟಿಮೀಟರ್ ಒಳಗೆ, 15 ಹೊರಗೆ. ಸರಳು ನುಣ್ಣಗಿನದೇ ಆಗಬೇಕು. ಗೆರೆಯುಳ್ಳ ಸರಳಿನ ಮೇಲೆ ಹಲಗೆ ಜಾರುವುದಿಲ್ಲ. ಮೂರೂ ಒಂದೇ ಮಟ್ಟದಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲದಿದ್ದರೆ ಹಲಗೆ ಒಳಗೆ ಹೋಗುವುದೇ ಇಲ್ಲ. ಅದಕ್ಕೆ ಬಡಿಗೇರ ಕಾಕಾ ಒಂದು ಉಪಾಯ ಮಾಡಿದರು. ನಾನು ಬಿಸಾಡಿದ್ದ ಬಿಳಿ ಪಟ್ಟಿಯಲ್ಲಿ ಮೂರು ತೂತು ಕೊರೆದು, ಸರಳುಗಳನ್ನು ಅದರ ಮೂಲಕ ತೂರಿಸಿ, ರಸಮಟ್ಟ ಇಟ್ಟು ನೋಡಿ, ಕಾಂಕ್ರೀಟು ಗಟ್ಟಿಯಾಗುವವರೆಗೂ ಪಟ್ಟಿಯನ್ನು ಹಾಗೆಯೇ ಕಟ್ಟಿ ನಿಲ್ಲಿಸಿದರು. ಹೀಗೆ ಆ ಪಟ್ಟಿ ಇನ್ನೊಮ್ಮೆ ಗೋಡೆಯ ಕೆಲಸಕ್ಕೆ ಬಂದಿತು. ಏಳು ದಿನ ನೀರುಣಿಸಿ, ಒಟ್ಟು ಮೂರು ವಾರ ಕಾದೆವು.

ಆ ಮೂರು ವಾರ ನಾನು ತೂತು ಕೊರೆಯುವುದನ್ನು ಕಲಿತೆ. ಒಂದೂವರೆ ಅಂಗುಲ ದಪ್ಪದ ಹಲಗೆಯ ಅಂಚಿನಲ್ಲಿ 15 ಸೆಂಟಿಮೀಟರ್ ಆಳದ ನೆಟ್ಟನೆಯ ತೂತು ಕೊರೆಯುವುದು ಹೊಸಬನಿಗೆ ಸಾಮಾನ್ಯ ಕೆಲಸವಲ್ಲ. ತೂತಿನ ಮೇಲೆ-ಕೆಳಗೆ ಉಳಿಯುವ ಕಟ್ಟಿಗೆ ಅರ್ಧ ಅಂಗುಲ. ಕೈ ತುಸು ಓರೆಯಾದರೆ ಡ್ರಿಲ್ಲಿನ ತುದಿ ಹಲಗೆಯ ಮುಖವನ್ನು ಒಡೆದು ಹೊರಬರುತ್ತದೆ. ಬೇಲಿಯ ಜಾಲಿಯ ತುಂಡಿನಲ್ಲಿ ಅಭ್ಯಾಸ ಮಾಡಿದಾಗ ಮೊದಲ ಐದರಲ್ಲಿ ಮೂರು ಹೊರಬಂದವು. ಆಮೇಲೆ ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ, ಮೂಲೆಮಟ್ಟವನ್ನು ಡ್ರಿಲ್ಲಿಗೆ ಹಿಡಿಸಿ, “ಮ್ಯಾಲ”, “ಕೆಳಗ” ಎಂದು ಹೇಳಿಸುತ್ತ ಕೊರೆದೆ. ಎರಡೆರಡು ಸೆಂಟಿಮೀಟರಿಗೆ ಒಮ್ಮೆ ಹೊರಗೆಳೆದು ಪುಡಿಯನ್ನು ಕೊಡವಬೇಕು, ಇಲ್ಲದಿದ್ದರೆ ಕಟ್ಟಿಗೆ ಸುಡುತ್ತದೆ. ತೂತು ಸರಳಿಗಿಂತ ಅರ್ಧ ಮಿಲಿಮೀಟರ್ ದೊಡ್ಡದಿರಲಿ. ಸಾಗವಾನಿಯಲ್ಲಿ ಕೊರೆದ ಮೂರೂ ನೆಟ್ಟಗೆ ಬಂದವು.

ಮಸಿಯನ್ನೆಲ್ಲ ಉಜ್ಜಿ ಹಲಗೆಯನ್ನು ಹೊಸದು ಮಾಡಬೇಕೆಂದು ನನಗೆ ಆಸೆಯಿತ್ತು. ಆಯಿ ಒಪ್ಪಲಿಲ್ಲ. ಕೊಯ್ದ ಅಂಚುಗಳಿಗೆ ಮಾತ್ರ ಮರಳು ಕಾಗದ ಹಿಡಿದು, ಚಕ್ಕೆಯನ್ನು ಮಾಡದಿಂದ ತಂದು ಅಂಟಿಸಿ, ಎಲ್ಲಕ್ಕೂ ಕುದಿಸಿದ ಅಗಸೆ ಎಣ್ಣೆ ಸವರಿದೆ. ಎಣ್ಣೆ ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ತಾನಾಗಿ ಕಾದು ಹೊತ್ತಿಕೊಳ್ಳುವ ಭಯವುಂಟು. ಹೊರಗೆ ಬಿಚ್ಚಿ ಹರವಿ ಒಣಗಿಸಬೇಕು. ಅಂಟಿನ ಗೆರೆ ಇಂದಿಗೂ ಕಾಣುತ್ತದೆ.

ಹಲಗೆಯನ್ನು ಸರಳುಗಳ ಮೇಲೆ ಒತ್ತಿದಾಗ ಕೊನೆಯ ಎರಡು ಬೆರಳಿನಷ್ಟು ಬಿಗಿಯಾಗಿ ನಿಂತಿತು. ಬಡಿಗೇರ ಕಾಕಾ ಅಂಚಿಗೆ ಕಟ್ಟಿಗೆಯ ತುಂಡು ಹಿಡಿದು ಮೆಲ್ಲಗೆ ಬಡಿದರು. ಹಲಗೆ ಗೋಡೆಗೆ ಹೋಗಿ ಕೂತಿತು. ಈ ಸಲ ಪುಸ್ತಕ ಹೇರಲಿಲ್ಲ. 25 ಕಿಲೋ ಜೋಳದ ಚೀಲವನ್ನು ತೂಗಿ ಇಟ್ಟು, ಮುಂದಂಚಿನಿಂದ ನೆಲದವರೆಗಿನ ಎತ್ತರವನ್ನು ಅಳೆದು ಬಾಗಿಲ ಹಿಂದೆ ಬರೆದೆ. ಎಂಟು ದಿನ ಮುಂಜಾನೆ ಅಳೆದೆ. ಅಳತೆ ಬದಲಾಗಲಿಲ್ಲ. ಒಂಬತ್ತನೆಯ ದಿನ ಜೋಳ ಇಳಿಸಿ ರೇಡಿಯೋ ಏರಿಸಿದೆವು.

ಅದು ಮಾತಾಡುವುದಿಲ್ಲ, ಅದರ ಪಕ್ಕದ ಸ್ಪೀಕರು ಮಾತಾಡುತ್ತದೆ. ನಡುವೆ ಆಯಿಯ ಎಲೆ-ಅಡಿಕೆಯ ಚಂಚಿ ಬಂದು ಕೂತಿದೆ. ಅದರ ತೂಕವನ್ನು ನಾನು ಲೆಕ್ಕದಲ್ಲಿ ಹಿಡಿದಿರಲಿಲ್ಲ.