ಸಾಲ ತೀರಿಸಲು ಸಂಘದ ಬಲ

ರೈತನನ್ನು ಕುಗ್ಗಿಸುವುದು ಅಸಲಿಗಿಂತಲೂ ಹೆಚ್ಚಾಗಿ ಬಡ್ಡಿಯೇ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ಸಾಲ ತಂದವನು ವರ್ಷಕ್ಕೆ 3,600 ರೂಪಾಯಿ ತೆತ್ತರೂ ಅಸಲು ಹಾಗೆಯೇ ನಿಲ್ಲುವುದು. ಸಂಘದಿಂದ ನೂರಕ್ಕೆ 1 ರೂಪಾಯಿಯಂತೆ ಹಣ ಪಡೆದು ಆ ಸಾಲವನ್ನು ತೀರಿಸಿ, ವರ್ಷವರ್ಷವೂ ಅದೇ 3,600 ರೂಪಾಯಿಯನ್ನು ಸಂಘಕ್ಕೆ ಕಟ್ಟಿದರೆ, ನಾಲ್ಕನೆಯ ವರ್ಷದಲ್ಲಿ ಋಣವೆಲ್ಲವೂ ಹರಿಯುವುದು.

ಈ ಮಾರ್ಗವು ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಪಾಟೀಲರು ಸಹಕಾರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನದಲ್ಲಿಯೂ ಅದೇ ವರ್ಷ ಸಹಕಾರ ಸಂಘಗಳ ಕಾನೂನು ಏರ್ಪಟ್ಟಿತು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ರಾಗಿಯ ಹಣವು ಸುಗ್ಗಿಯಲ್ಲಿ, ರೇಷ್ಮೆಗೂಡಿನ ಹಣವು ಬೆಳೆಬೆಳೆಗೂ, ಹಾಲಿನ ಹಣವು ಆಗಾಗ್ಗೆಯೂ ಕೈಸೇರುವುದು. ಕಂತುಗಳನ್ನು ಇದಕ್ಕೆ ಹೊಂದಿಸಿ ಗೊತ್ತುಮಾಡತಕ್ಕದ್ದು. ಹಳೆಯ ಸಾಲ ತೀರುವವರೆಗೆ ಮದುವೆ, ಜಾತ್ರೆಗಳಿಗಾಗಿ ಹೊಸ ಸಾಲವನ್ನು ಮಾಡಕೂಡದು.

ಮಾನಕ್ಕಂಜಿ ಸಾಲವನ್ನು ಮುಚ್ಚಿಟ್ಟವನ ಹೊಲವು ಕಡೆಗೆ ಪರರ ಪಾಲಾಗುವುದುಂಟು. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ತಾವೇ ಮೊದಲು ಸಂಘದ ಸದಸ್ಯರಾಗಿ, ತಮ್ಮ ಕಂತುಗಳನ್ನು ತಪ್ಪದೆ ಸಲ್ಲಿಸಿ, ಸಾಲಗಾರನನ್ನು ಹೀಯಾಳಿಸದೆ ಅವನ ಲೆಕ್ಕವನ್ನು ಕುಳಿತು ನೋಡಬೇಕು. ಹತ್ತು ಮಂದಿಯ ಬೆಂಬಲವಿದ್ದಲ್ಲಿ ಒಬ್ಬನ ಹೊರೆಯು ಹಗುರವಾಗುವುದು.